‘ಬ್ಯಾಲೆನ್ಸ್’ ಎಂಬ ಶಬ್ದವೂ ಅಂಗಡಿಯ ತಕ್ಕಡಿಯೂ

ಇಂಗ್ಲಿಷಿನ ‘ಬ್ಯಾಲೆನ್ಸ್’ ಎಂಬ ಶಬ್ದವು ಇಂದು ಅಕ್ಷರ ಬಾರದವರ ಬಾಯಲ್ಲಿಯೂ ನೆಲೆಸಿದೆ. ಬ್ಯಾಂಕಿನಲ್ಲಿ ಉಳಿದ ಹಣ ಬ್ಯಾಲೆನ್ಸ್. ಗಿರಾಕಿಯು ಕೊಡಬೇಕಾಗಿ ಉಳಿದದ್ದೂ ಬ್ಯಾಲೆನ್ಸ್. ಸೈಕಲ್ ಕಲಿಯುವ ಹುಡುಗನು ಬಿದ್ದರೆ ತಪ್ಪಿದ್ದೂ ಅದೇ. ಕನ್ನಡವಾದರೋ ಈ ಒಂದೊಂದು ಅರ್ಥಕ್ಕೂ ಬೇರೆ ಬೇರೆ ಮಾತನ್ನು ಇಟ್ಟುಕೊಂಡಿದೆ. ಪೆಟ್ಟಿಗೆಯಲ್ಲಿ ಉಳಿದದ್ದು ಶಿಲ್ಕು, ಬರಬೇಕಾದದ್ದು ಬಾಕಿ, ಬೀಳುವವನಿಗೆ ತಪ್ಪುವುದು ಆಯ ಅಥವಾ ಜೋಲಿ, ಸಾಮಾಯಿಕದಲ್ಲಿ ಕುಳಿತವನು ಕಾಪಾಡಿಕೊಳ್ಳಬೇಕಾದದ್ದು ಸಮತೆ. ‘ಬ್ಯಾಲೆನ್ಸ್ ಶೀಟ್’ಗೆ ವಾಣಿಜ್ಯದ ಪಠ್ಯಪುಸ್ತಕಗಳು ‘ಅಢಾವೆ ಪತ್ರಿಕೆ’ ಎಂಬ ಹೆಸರು ಕೊಟ್ಟವು. ಅಂಗಡಿಕಾರರ ನಾಲಗೆಗೆ ಅದು ಹತ್ತಲಿಲ್ಲ. ಇಷ್ಟು ಅರ್ಥಗಳ ಗದ್ದಲದಲ್ಲಿ ಶಬ್ದದ ಮೂಲ ವಸ್ತುವೇ ಮರೆಯಾಗಿದೆ. ‘ಎರಡು ತಟ್ಟೆಗಳುಳ್ಳದ್ದು’ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದು ಬಂದದ್ದು. ಅಂದರೆ ತಕ್ಕಡಿ, ತ್ರಾಸು, ತುಲೆ.

ವ್ಯಾಪಾರವನ್ನು ವೃತ್ತಿಯಾಗಿಸಿಕೊಂಡ ಶ್ರಾವಕರಿಗೆ ಈ ಉಪಕರಣವು ಶಾಸ್ತ್ರದ ವಿಷಯವೂ ಹೌದು. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ‘ಹೀನಾಧಿಕಮಾನೋನ್ಮಾನ’ವನ್ನು ನಾಲ್ಕನೆಯದಾಗಿ ಹೇಳಿದ್ದಾರೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ಬಿಡಿಸುತ್ತ, ಅಳೆಯುವ ಸಾಧನಗಳು ಮಾನವೆಂದೂ, ತಕ್ಕಡಿ ಮೊದಲಾದವು ಉನ್ಮಾನವೆಂದೂ, ಕೊಡುವಾಗ ಕಡಿಮೆಯದರಿಂದ ಕೊಟ್ಟು ಕೊಳ್ಳುವಾಗ ಹೆಚ್ಚಿನದರಿಂದ ಕೊಳ್ಳುವುದು ಮೊದಲಾದ ಕಪಟವೇ ಈ ದೋಷವೆಂದೂ ವಿವರಿಸುತ್ತಾರೆ. ಓದುವವರ ಕಣ್ಣಿಗೆ ಎರಡು ಬಗೆಯ ತೂಕದ ಕಲ್ಲುಗಳನ್ನಿಟ್ಟುಕೊಂಡ, ತಟ್ಟೆಯ ಅಡಿಗೆ ಹುಣಸೆಹಣ್ಣು ಮೆತ್ತಿದ ವಂಚಕನೊಬ್ಬನು ಬಂದು ನಿಲ್ಲುತ್ತಾನೆ. ಅಂಥವನು ತಾನಲ್ಲವೆಂಬ ಸಮಾಧಾನದಿಂದ ಪುಟ ತಿರುವಿಬಿಡುವುದು ಸುಲಭ.

ಬೆಳಗಾವಿ ಜಿಲ್ಲೆಯ ಒಂದು ಊರಿನಲ್ಲಿ ಕಿರಾಣಿ ಅಂಗಡಿ ನಡೆಸುತ್ತಿದ್ದ ಶ್ರಾವಕರೊಬ್ಬರೂ ಹಾಗೆಯೇ ಪುಟ ತಿರುವಿದವರು. ೧೯೫೬ರ ಶಾಸನದ ಮೇರೆಗೆ ಸೇರು, ಮಣಗಳು ಹೋಗಿ ೧೯೬೨ರಲ್ಲಿ ಕಿಲೋಗ್ರಾಂ ಕಡ್ಡಾಯವಾದಾಗ ಅವರ ತಂದೆಯವರು ಕಲ್ಲುಗಳನ್ನು ಬದಲಿಸಿದರೇ ಹೊರತು ತಕ್ಕಡಿಯನ್ನಲ್ಲ. ಅದೇ ತಕ್ಕಡಿ ಮಗನ ಕೈಗೂ ಬಂದಿತು. ಒಮ್ಮೆ ಅದರ ದಂಡಿಗೆ ಬಾಗಿದ್ದರಿಂದ ಊರಿನಲ್ಲಿಯೇ ಸರಿಮಾಡಿಸಿದರು. ದುರಸ್ತಿಯಾದ ತಕ್ಕಡಿಯನ್ನು ಮತ್ತೆ ಪರೀಕ್ಷೆಗೆ ಒಪ್ಪಿಸಿ ಮುದ್ರೆ ಹಾಕಿಸಬೇಕೆಂಬ ನಿಯಮವಿದ್ದಿತು. ಖಾಲಿ ತಟ್ಟೆಗಳು ಸಮನಾಗಿ ನಿಂತಿವೆ, ಮುಳ್ಳು ನೆಟ್ಟಗಿದೆ, ಇನ್ನೇನು ಬೇಕು ಎಂದುಕೊಂಡು ಅವರು ಸುಮ್ಮನಾದರು.

ಎಂಟು ತಿಂಗಳು ಕಳೆದವು. ಒಂದು ದಿನ ಕೆಲಸದ ಹುಡುಗನು ಅವಸರದಲ್ಲಿ ಬಲಗಡೆ ಇಡಬೇಕಾದ ಕಲ್ಲನ್ನು ಎಡಗಡೆ ಇಟ್ಟು, ಆಗಲೇ ತೂಗಿ ಕಟ್ಟಿದ್ದ ಒಂದು ಕಿಲೋ ಬೆಲ್ಲದ ಪೊಟ್ಟಣವನ್ನು ಮತ್ತೆ ತೂಗಿದನು. ಪೊಟ್ಟಣವು ಮೇಲೆಯೇ ನಿಂತಿತು. ಸಮವಾಗಲು ಇನ್ನೂ ೪೦ ಗ್ರಾಂ ಬೇಕಾಯಿತು.

ದಂಡಿಗೆಯ ಎರಡು ತೋಳುಗಳು ಸಮನಾಗಿಲ್ಲದಿದ್ದರೂ, ಗಿಡ್ಡ ತೋಳಿನ ತಟ್ಟೆಯು ತುಸು ಭಾರವಾಗಿದ್ದರೆ ಖಾಲಿ ತಕ್ಕಡಿಯು ನೆಟ್ಟಗೆಯೇ ನಿಲ್ಲುತ್ತದೆ. ಸುಳ್ಳು ಹೊರಬೀಳುವುದು ಭಾರ ಬಿದ್ದ ಮೇಲೆ, ಅದೂ ಕಲ್ಲು ಮತ್ತು ಸರಕನ್ನು ಅದಲುಬದಲು ಮಾಡಿದಾಗ. ಉದ್ದ ತೋಳಿನಲ್ಲಿ ಸರಕು ಇದ್ದರೆ ಕಿಲೋಗೆ ಸುಮಾರು ೨೦ ಗ್ರಾಂ ಕಡಿಮೆ. ಗಿಡ್ಡ ತೋಳಿನಲ್ಲಿದ್ದರೆ ಅಷ್ಟೇ ಹೆಚ್ಚು. ಹೀನ ಮತ್ತು ಅಧಿಕ ಎರಡಕ್ಕೂ ಒಂದೇ ತಕ್ಕಡಿ ಸಾಕು! (ಇಂದಿನ ವಿದ್ಯುತ್ ತಕ್ಕಡಿಗೆ ತಟ್ಟೆಯೇ ಒಂದು. ಅದನ್ನು ಹೀಗೆ ಅದಲುಬದಲಿಸಿ ನೋಡುವ ದಾರಿಯೂ ಗಿರಾಕಿಗಿಲ್ಲ.)

ಅವರಿಗೆ ಮೊದಲು ಹೊಳೆದದ್ದು ಒಂದು ಸಮಾಧಾನ. ರೈತರಿಂದ ಕಾಳು ಕೊಳ್ಳುವಾಗಲೂ ಸರಕನ್ನು ಎಡತಟ್ಟೆಯಲ್ಲಿಯೇ ತೂಗುತ್ತಿದ್ದುದರಿಂದ ಅಲ್ಲಿ ನಷ್ಟ ಅವರದೇ ಆಗಿತ್ತು. ಹಾಗಾದರೆ ಲಾಭಕ್ಕೆ ನಷ್ಟ ಸರಿಹೋಯಿತಲ್ಲವೇ? ಲೆಕ್ಕಶಾಸ್ತ್ರವನ್ನು ಬಲ್ಲವರಿಗೆ ಈ ಮೋಸ ಪರಿಚಿತ. ತಾಳೆಪಟ್ಟಿಯ ಎರಡು ಬದಿಗಳು ಸರಿಹೊಂದಿದ ಮಾತ್ರಕ್ಕೆ ವಹಿಗಳು ಸರಿಯೆಂದಾಗುವುದಿಲ್ಲ. ಒಂದು ತಪ್ಪು ಇನ್ನೊಂದನ್ನು ಮುಚ್ಚಿರಬಹುದು, ಒಂದು ವ್ಯವಹಾರವನ್ನು ಬರೆಯುವುದೇ ಬಿಟ್ಟುಹೋಗಿರಬಹುದು. ರೈತನಿಗೆ ಹೆಚ್ಚು ಹೋದದ್ದನ್ನು ಬೆಲ್ಲ ಕೊಂಡ ವಿಧವೆಯ ಖಾತೆಗೆ ಜಮೆ ಮಾಡುವುದು ಹೇಗೆ?

‘ಅರಿಯದೆ ಆಯಿತು’ ಎಂಬ ಎರಡನೆಯ ಸಮಾಧಾನವೂ ನಿಲ್ಲಲಿಲ್ಲ. ಹಿಂಸೆಯ ಲಕ್ಷಣದಲ್ಲಿ ಬರುವ ‘ಪ್ರಮತ್ತಯೋಗ’ವನ್ನು ಪೂಜ್ಯಪಾದರು ಚೌರ್ಯದ ಲಕ್ಷಣಕ್ಕೂ ಮುಂದುವರಿಸಿದ್ದಾರೆ. ಪ್ರಮಾದವೆಂದರೆ ದುರುದ್ದೇಶವೊಂದೇ ಅಲ್ಲ, ಎಚ್ಚರಗೇಡಿತನವೂ ಅದರೊಳಗೆ ಬರುತ್ತದೆ. ಅರಿಯದಿದ್ದದ್ದು ನಿಜ, ಅರಿಯಬೇಕಾದ ಹೊತ್ತಿನಲ್ಲಿ ಪರೀಕ್ಷಿಸದಿದ್ದದ್ದೂ ಅಷ್ಟೇ ನಿಜ.

ಎಂಟು ತಿಂಗಳ ಬಿಡಿ ಮಾರಾಟಕ್ಕೆ ನೂರಕ್ಕೆ ಎರಡರಂತೆ ಲೆಕ್ಕ ಹಾಕಿ ಆ ಹಣವನ್ನು ಅವರು ಬಸದಿಗೆ ಒಯ್ದರು. ಅಲ್ಲಿನ ಲೆಕ್ಕ ನೋಡುತ್ತಿದ್ದ ಹಿರಿಯರು ಎಲ್ಲವನ್ನೂ ಕೇಳಿ ಲೇಖನಿಯನ್ನು ಕೆಳಗಿಟ್ಟರು. “ಸಾವಕಾರರೇ, ಇದನ್ನು ಯಾವ ಬಾಬಿಗೆ ಬರೆಯಲಿ? ದಾನವೆಂದು ಬರೆದರೆ ಫಲಕದಲ್ಲಿ ನಿಮ್ಮ ಹೆಸರು ಬರುತ್ತದೆ. ಹಣ ಮಾತ್ರ ನಿಮ್ಮದಲ್ಲವಲ್ಲ!” ದಾನವನ್ನು ತಿರುಗಿಸಿ ಕಳುಹಿಸುವ ಧೈರ್ಯ ಎಲ್ಲ ಟ್ರಸ್ಟುಗಳಿಗೂ ಇರುವುದಿಲ್ಲ. ಅಂದು ಆ ಹಿರಿಯರು ಅದನ್ನು ತೋರಿದರು.

ಮರಳಿ ಬಂದವರು ಹೊಸ ತಕ್ಕಡಿಗೆ ಮುದ್ರೆ ಹಾಕಿಸಿ ತಂದರು. ವಹಿಯಲ್ಲಿ ‘ತೂಕದ ಬಾಕಿ’ ಎಂದು ಒಂದು ಪುಟ ತೆರೆದರು. ಉದ್ರಿ ಗಿರಾಕಿಗಳ ಹೆಸರುಗಳು ಇದ್ದವು. ಅವರವರ ಖಾತೆಗೆ ಅವರವರದು ಜಮೆಯಾಯಿತು. ನಗದು ಕೊಟ್ಟು ಹೋದವರನ್ನು ಎಲ್ಲಿ ಹುಡುಕುವುದು? ಅಂದಿನಿಂದ ಮುಳ್ಳು ನೆಟ್ಟಗಾದ ಮೇಲೆ ಪ್ರತಿಯೊಬ್ಬರಿಗೂ ಒಂದು ಹಿಡಿ ಕೊಸರು ಹಾಕತೊಡಗಿದರು. ಏಕೆಂದು ಕೇಳಿದವರಿಗೆ ಕಾರಣವನ್ನೂ ಹೇಳಿದರು. ಕೆಲವರು ನಕ್ಕರು, ಒಬ್ಬಿಬ್ಬರು ಅಂಗಡಿಯನ್ನೇ ಬಿಟ್ಟರು.

ವರ್ಷಗಳ ಮೇಲೆ ಮಗನು ಕೇಳಿದನು: “ಅಪ್ಪಾ, ಕೊಟ್ಟ ಕೊಸರು ಆ ಬಾಕಿಯನ್ನು ಎಂದೋ ಮೀರಿದೆ. ಪುಟವನ್ನು ಮುಗಿಸಬಾರದೇ?”

“ತೂಕಕ್ಕೆ ತೀರಿತು. ಹೋದವರಿಗೇ ಅದು ಮುಟ್ಟಿತೆಂದು ಯಾರು ಸಹಿ ಹಾಕುತ್ತಾರೆ?” ಎಂದರು ತಂದೆ. ಅವರು ಇರುವವರೆಗೂ ಪ್ರತಿ ದೀಪಾವಳಿಗೆ, ವೀರನಿರ್ವಾಣದ ಪೂಜೆ ಮುಗಿದ ಮೇಲೆ, ಆ ಪುಟದ ಹೆಸರನ್ನು ಹೊಸ ವಹಿಯಲ್ಲಿ ತಮ್ಮ ಕೈಯಿಂದಲೇ ಬರೆಯುತ್ತಿದ್ದರು.