ಕೊನೆಯ ಲಾಂಚು

ಮನೆ ಬಿಟ್ಟು ದೂರದ ಹಳ್ಳಿಯಲ್ಲಿ ಕೆಲಸಕ್ಕೆ ನಿಂತವರಿಗೆ ಶನಿವಾರದ ಮಧ್ಯಾಹ್ನವು ವಾರದ ಉಳಿದ ಹೊತ್ತಿಗಿಂತ ಹಿರಿದಾಗಿ ತೋರುವುದು ಸಹಜ. ಶರಾವತಿಯ ಹಿನ್ನೀರಿನಾಚೆ, ಸಾಗರ ತಾಲ್ಲೂಕಿನ ತುಮರಿಯ ಕಡೆಯ ಸಣ್ಣ ಶಾಲೆಯೊಂದರಲ್ಲಿ, 2022ರ ಮಳೆಗಾಲದಿಂದ ಸ್ವಯಂಸೇವಕನಾಗಿ ಪಾಠ ಹೇಳುತ್ತಿದ್ದ ಇಪ್ಪತ್ತಮೂರು ವಯಸ್ಸಿನ ತರುಣನೊಬ್ಬನಿಗಂತೂ ಅದು ಬಿಡುಗಡೆಯ ಮುಹೂರ್ತವೇ ಆಗಿದ್ದಿತು. ಬಯಲುಸೀಮೆಯ ನಗರದಲ್ಲಿ ಹುಟ್ಟಿ ಬೆಳೆದವನಿಗೆ ಜೀರುಂಡೆಯ ಸದ್ದು, ಉಂಬಳದ ಕಾಟ, ಒಣಗಲೊಲ್ಲದ ಬಟ್ಟೆ ಇವೆಲ್ಲ ಮೊದಲ ತಿಂಗಳು ವಿನೋದವಾಗಿ ಕಂಡು, ಮೂರನೆಯ ತಿಂಗಳಿಗೆ ಶಿಕ್ಷೆಯಾಗಿ ಪರಿಣಮಿಸಿದುವು. ಶರಾವತಿಯ ವಿದ್ಯುದಾಗಾರಕ್ಕೆ 1035 ಮೆಗಾವಾಟು ಶಕ್ತಿಯುಂಟೆಂದು ಅವನೇ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದನು. ಆ ನೀರಿನ ದಂಡೆಯ ಮೇಲಿದ್ದ ತನ್ನ ಕೊಠಡಿಯಲ್ಲಿ ಮಾತ್ರ, ಗಾಳಿಯೆದ್ದ ಸಂಜೆ, ಮೇಣದ ಬತ್ತಿಯನ್ನು ಹಚ್ಚಿಕೊಂಡು ಉಣ್ಣುತ್ತಿದ್ದನು.

ಕಾರ್ತಿಕದ ಒಂದು ಶನಿವಾರ, ಬೆಳಗಿನ ಶಾಲೆ ಮುಗಿಯುತ್ತಲೇ, ಅವನು ಚೀಲವನ್ನು ಹೆಗಲಿಗೇರಿಸಿದನು. ಜೇಬಿನಲ್ಲಿ ಒಂದು ಪತ್ರವಿದ್ದಿತು. ಮುಂದಿನ ತಿಂಗಳಿನಿಂದ ತನ್ನನ್ನು ಈ ಸೇವೆಯಿಂದ ಬಿಡಿಸಬೇಕೆಂದು, ಕಳುಹಿಸಿದ್ದ ಸಂಸ್ಥೆಗೆ ಬರೆದುದು. ಬಾಗಿಲ ಬಳಿ ಎರಡನೆಯ ತರಗತಿಯ ಹುಡುಗನೊಬ್ಬನು ಅಡ್ಡ ನಿಂತು, “ಸೋಮವಾರ ಬರುತ್ತೀರಲ್ಲ ಸಾರ್?” ಎಂದು ಕೇಳಿದನು. ಹಿಂದೆ ಬಂದಿದ್ದ ಇಬ್ಬರು ತರುಣರು ಶನಿವಾರವೇ ಹೋದವರು ತಿರುಗಿ ಬಂದಿರಲಿಲ್ಲ. ತರುಣನು ಹುಡುಗನ ತಲೆಯನ್ನು ನೇವರಿಸಿದನೇ ಹೊರತು ಉತ್ತರ ಹೇಳಲಿಲ್ಲ.

ಕಳಸವಳ್ಳಿಯ ದಂಡೆಯಿಂದ ಲಾಂಚು ಹೊರಟಿತು. ಬಸ್ಸು, ಜೀಪು, ಸಿಗಂದೂರಿನಿಂದ ಮರಳುವ ಯಾತ್ರಿಕರು, ಅಡಕೆಯ ಮೂಟೆ ಎಲ್ಲವೂ ಆ ಕಬ್ಬಿಣದ ಹಲಗೆಯ ಮೇಲೆ ಸರಿಸಮವಾಗಿ ನಿಂತಿದ್ದುವು. ನಡುನೀರಿನಲ್ಲಿ ಹೊಸ ಸೇತುವೆಯ ಕಂಬಗಳು ತಲೆಯೆತ್ತಿದ್ದುವು. ಅಂಬಾರಗೋಡ್ಲಿನ ದಂಡೆಯಲ್ಲಿ ಇಳಿದು ಸಾಗರವನ್ನು ಸೇರುವಷ್ಟರಲ್ಲಿ ಅಂಚೆಯ ಕಚೇರಿಯ ಬಾಗಿಲು ಮುಚ್ಚಿದ್ದಿತು. ಹೊರಗೆ ಕೆಂಪು ಪೆಟ್ಟಿಗೆಯೇನೋ ಇದ್ದಿತು. ಆದರೆ ಇಂತಹ ಪತ್ರವನ್ನು ರಿಜಿಸ್ಟರು ಮಾಡಿಸುವುದೇ ಲೇಸೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡನು. ಆ ರಾತ್ರಿ ಹೆಗ್ಗೋಡಿನ ರಂಗಮಂದಿರದಲ್ಲಿ ನಾಟಕವನ್ನು ನೋಡಿದನು. ದೀಪಗಳ ಬೆಳಕು, ಜನರ ನಗೆ, ನಾಟಕ ಮುಗಿದ ಮೇಲಿನ ಬಿಸಿ ಕಾಫಿ ಅವನಿಗೆ ಮರಳಿ ಪ್ರಾಣ ಬಂದಂತೆ ಮಾಡಿದುವು. ಭಾನುವಾರ ಸಾಗರದಲ್ಲಿ ಕ್ಷೌರ, ದೋಸೆ, ತಾಯಿಯೊಡನೆ ಫೋನಿನಲ್ಲಿ ಮಾತು. “ಸಾಕು ಮಾಡು ಮಗಾ, ಬಂದುಬಿಡು,” ಎಂದಳು ತಾಯಿ. ಸುಖದಲ್ಲಿ ಹೊತ್ತು ಹೋದುದು ತಿಳಿಯಲಿಲ್ಲ. ಬಸ್ಸೂ ದಾರಿಯಲ್ಲಿ ಕೆಟ್ಟು ನಿಂತಿತು. ಅವನು ದಂಡೆಗೆ ಬಂದಾಗ ಕೊನೆಯ ಲಾಂಚಿನ ದೀಪವು ಆಚೆಯ ದಡವನ್ನು ಮುಟ್ಟುತ್ತಲಿದ್ದಿತು.

ಗೂಡಂಗಡಿಯ ಜಗಲಿಯ ಮೇಲೆ ಅಕ್ಕಿಯ ಚೀಲಕ್ಕೆ ಒರಗಿ ಒಬ್ಬ ಮುದುಕನು ಕುಳಿತಿದ್ದನು. ಅವನಿಗೂ ಲಾಂಚು ತಪ್ಪಿದ್ದಿತು. ಆದರೆ ಅವನ ಮುಖದಲ್ಲಿ ಆತುರವಾಗಲಿ ಬೇಸರವಾಗಲಿ ಕಾಣಲಿಲ್ಲ. ಹೊದ್ದಿದ್ದ ಕಂಬಳಿಯ ಅರ್ಧವನ್ನು ಹಾಸಿ ಜಾಗ ಕೊಟ್ಟನು. ಮಾತು ಬೆಳೆದಾಗ, ಬಾಗಿಲ ಬಳಿ ಪ್ರಶ್ನೆ ಕೇಳಿದ ಹುಡುಗನು ಅವನ ಮೊಮ್ಮಗನೆಂದು ತಿಳಿದುಬಂದಿತು.

“ನಾನೂ ಎರಡನೆಯ ಕ್ಲಾಸಿನವರೆಗೆ ಓದಿದವನೇ, ಮೇಷ್ಟ್ರೇ,” ಎಂದು ಮುದುಕನು ಕತ್ತಲೆಯ ನೀರಿನ ಕಡೆಗೆ ಕೈ ತೋರಿದನು. “ನಮ್ಮ ಶಾಲೆ ಅಲ್ಲಿತ್ತು.”

1948ರಲ್ಲಿ ಹಿರೇಭಾಸ್ಕರದ ಕಟ್ಟೆ ಮುಗಿಯಿತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು. ಎರಡನೆಯದರ ನೀರು ಮೊದಲನೆಯ ಕಟ್ಟೆಯನ್ನೂ ನುಂಗಿತು. ಕಡು ಬೇಸಗೆಯಲ್ಲಿ ನೀರಿಳಿದಾಗ ಅದು ಹಳೆಯ ನೆನಪಿನಂತೆ ಮೇಲೆ ಕಾಣಿಸಿಕೊಳ್ಳುವುದುಂಟು. ಊರುಗಳು ಮಾತ್ರ ಹಾಗೆ ಕಾಣಿಸಿಕೊಳ್ಳಲಿಲ್ಲ. ಮುದುಕನು ಈ ಇಸವಿಗಳನ್ನು ಹೇಳಲಿಲ್ಲ. ಅವನು ಹೇಳಿದುದು ಇಷ್ಟೇ: “ಮೊದಲು ಮೇಷ್ಟ್ರು ಹೋದರು. ಶನಿವಾರ ಹೋದವರು ಬರಲಿಲ್ಲ. ಊರು ಮುಳುಗುತ್ತದೆ ಅನ್ನುವುದು ನಮಗೆ ಆಗ ನಿಜ ಅನ್ನಿಸಿತು. ಆಮೇಲೆ ನೀರು ಬಂತು. ಹೊಸ ಜಾಗದಲ್ಲಿ ಕಾಡು ಕಡಿಯಬೇಕು, ದನ ಕಾಯಬೇಕು. ಶಾಲೆಯ ಸುದ್ದಿ ಯಾರೆತ್ತುತ್ತಾರೆ?”

ತರುಣನು ಬಹಳ ಹೊತ್ತು ಸುಮ್ಮನಿದ್ದನು. ನೀರಿನಾಚೆಯ ಆ ಊರನ್ನು ಅವನು ಇದುವರೆಗೆ ಲೋಕದ ಕೊನೆಯೆಂದು ಎಣಿಸಿದ್ದನು. ಅಲ್ಲಿಯ ಜನ ಅಲ್ಲಿಗೆ ಬಂದುದು ಹೇಗೆಂದು ಒಂದು ದಿನವೂ ಕೇಳಿರಲಿಲ್ಲ. ಬೇಕೆಂದಾಗ ಹೊರಡುವ ಸ್ವಾತಂತ್ರ್ಯವನ್ನು ಜೇಬಿನಲ್ಲಿಟ್ಟುಕೊಂಡು ಬಂದವನು ತಾನು, ಅದಿಲ್ಲದವರು ಅವರು. ಕೊಟ್ಟ ಅಕ್ಷರಕ್ಕಿಂತ, ಸೋಮವಾರ ಬೆಳಗ್ಗೆ ಬಾಗಿಲು ತೆರೆದುದನ್ನೇ ಮಕ್ಕಳು ಹೆಚ್ಚಾಗಿ ಲೆಕ್ಕವಿಡುತ್ತಿದ್ದರೆಂಬುದು ಆಗ ಅವನಿಗೆ ಹೊಳೆಯಿತು.

“ಮುಳುಗಿದ ಊರುಗಳ ಹೆಸರು ನಿಮಗೆ ನೆನಪಿವೆಯೆ, ಅಜ್ಜ?” ಎಂದು ಕೇಳಿದನು.

“ಇಲ್ಲದೆ ಏನು? ಬರೆದುಕೊಳ್ಳಿ. ನನಗೆ ಹೇಳುವುದಕ್ಕೆ ಬರುತ್ತದೆ, ಬರೆಯುವುದಕ್ಕಲ್ಲ.”

ಚೀಲದಲ್ಲಿ ಕಾಗದವಿರಲಿಲ್ಲ. ತರುಣನು ಜೇಬಿನ ಪತ್ರವನ್ನು ಹೊರಗೆ ತೆಗೆದು, ಲಕೋಟೆಯನ್ನು ಹರಿದು, ಬಿಳಿಯ ಬೆನ್ನನ್ನು ಮೇಲೆ ಮಾಡಿ, ಮೊಬೈಲಿನ ಬೆಳಕಿನಲ್ಲಿ ಬರೆಯತೊಡಗಿದನು. ಊರು, ಕೇರಿ, ಹೊಳೆಯ ಗುಂಡಿ, ಜಾತ್ರೆಯ ಬಯಲು, ಒಂದು ಹಲಸಿನ ಮರದ ಹೆಸರು. ಹೀಗೆ ಮುದುಕನು ದಾರಿ ನಡೆದಂತೆ ಹೇಳುತ್ತ ಹೋದನು. ಒಂದು ಹೆಸರಿನ ಬಳಿ ನಿಂತು, “ಇದು ನಮ್ಮದು,” ಎಂದನು.

ಬೆಳಗಾಗುವಾಗ ನೀರಿನ ಮೇಲೆ ಮಂಜು ಕವಿದಿದ್ದಿತು. ಮೊದಲ ಲಾಂಚಿನಲ್ಲಿ ಇಬ್ಬರೂ ದಾಟಿದರು. ಶಾಲೆಯ ಬಾಗಿಲಲ್ಲಿ ಹುಡುಗನು ನಿಂತಿದ್ದನು. ಮೇಷ್ಟ್ರನ್ನು ಕಂಡು ಏನೂ ಹೇಳದೆ ಒಳಗೆ ಓಡಿ ತನ್ನ ಜಾಗದಲ್ಲಿ ಕುಳಿತನು. ಅಂದಿನ ಉಕ್ತಲೇಖನಕ್ಕೆ ತರುಣನು ಪಠ್ಯಪುಸ್ತಕವನ್ನು ತೆರೆಯಲಿಲ್ಲ. ಮುಳುಗಿದ ಊರುಗಳ ಹೆಸರನ್ನು ಒಂದೊಂದಾಗಿ ಹೇಳಿದನು. ಮಕ್ಕಳು ತಲೆ ಬಗ್ಗಿಸಿ ಬರೆದರು. ಮುದುಕನ ಊರಿನ ಹೆಸರು ಬಂದಾಗ ಹುಡುಗನು ಒತ್ತಕ್ಷರವನ್ನು ತಪ್ಪಿದನು. ತಿದ್ದಿಸಿ ಮೂರು ಸಲ ಬರೆಯಿಸಬೇಕಾಯಿತು.

ತರುಣನು ಅಲ್ಲಿಯೇ ನೆಲಸಿದನೆಂದು ಹೇಳಿದರೆ ಸುಳ್ಳಾದೀತು. ಆ ವರ್ಷದ ಪರೀಕ್ಷೆಗಳು ಮುಗಿಯುವವರೆಗೆ ಇದ್ದು, ಹೊರಡುವ ದಿನವನ್ನು ತಿಂಗಳ ಮೊದಲೇ ಮಕ್ಕಳಿಗೆ ತಿಳಿಸಿ, ಶನಿವಾರವಲ್ಲದ ಒಂದು ದಿನ ಹೊರಟನು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿಯ ಸೇತುವೆಯು ಸಂಚಾರಕ್ಕೆ ತೆರೆಯಿತು. ಕೊನೆಯ ಲಾಂಚು ತಪ್ಪಿ ದಂಡೆಯಲ್ಲಿ ರಾತ್ರಿ ಕಳೆಯುವ ಕಷ್ಟ ಅಲ್ಲಿಯವರಿಗೆ ಕಳೆಯಿತು.

ಹೊರಡುವ ಮುನ್ನ ಅವನು ಆ ಕಾಗದವನ್ನು ಶಾಲೆಯ ಗೋಡೆಗೆ ಅಂಟಿಸಿದ್ದನು. ಪತ್ರದ ಬದಿಯು ಗೋಡೆಯ ಕಡೆಗಿದ್ದಿತು. ಊರುಗಳ ಹೆಸರು ಮಕ್ಕಳ ಕಡೆಗೆ.