ಬೇರೆ ಹಟ್ಟಿಯ ಕುರಿಗಳ ವಿಷಯವಾಗಿ

ಪ್ರೀತಿಯ ಪುಟ್ಟಿ,

ನಿನ್ನ ಉದ್ದನೆಯ ಮೆಸೇಜು ಬಂತು. ಕಳಿಸಿದ ಹೊತ್ತು ನೋಡಿದರೆ ರಾತ್ರಿ ಒಂದೂವರೆ! ಗ್ರಹ ಯಾವುದಾದರೂ ಇರಲಿ, ನಿದ್ದೆಗೆಟ್ಟರೆ ತಲೆನೋವು ಬರುವುದು ನಿನಗೇ. ಹಾಸ್ಟೆಲಿನಲ್ಲಿ ಸರಿಯಾಗಿ ಉಣ್ಣುತ್ತಿಲ್ಲವೆಂದು ಚಿಕ್ಕಮ್ಮ ಬೇರೆ ಫೋನಿನಲ್ಲಿ ಕೊರಗುತ್ತಿದ್ದರು. ಇಲ್ಲಿ ಎಲ್ಲರೂ ಕ್ಷೇಮ. ಅಜ್ಜಿಯ ಕಣ್ಣಿನ ಪೊರೆ ತೆಗೆಸಿದೆವು. ಈಗ ಅವರಿಗೆ ಅಡಿಗೆಮನೆಯ ಮೂಲೆಮೂಲೆಯ ಜೇಡರ ಬಲೆಯೂ ಕಾಣಿಸಿ, ನನಗೆ ಕೆಲಸ ಹೆಚ್ಚಾಗಿದೆ. ಸುಗ್ಗಿ ಹಬ್ಬದ ಹರಾಜಿನಲ್ಲಿ ನಮ್ಮ ಹಿತ್ತಲ ಕುಂಬಳಕಾಯಿಗೆ ಇಬ್ಬರು ಹಿರಿಯರು ಹಟಕ್ಕೆ ಬಿದ್ದು ಕೂಗಿದರು. ಗೆದ್ದವರು ಅದನ್ನು ಹೊತ್ತು ತಂದು ಅಜ್ಜಿಗೇ ಕೊಟ್ಟು ಹೋದರು!

ಈಗ ನಿನ್ನ ಪ್ರಶ್ನೆ. ಬೇರೆ ಗ್ರಹದಲ್ಲಿ ಜೀವಿಗಳಿದ್ದರೆ ಯೇಸುಸ್ವಾಮಿ ಶಿಲುಬೆಯ ಮೇಲೆ ಪ್ರಾಣ ಕೊಟ್ಟದ್ದು ಅವರಿಗೂ ಸೇರಿಯೋ, ನಮಗೆ ಮಾತ್ರವೋ? ನಮಗೆ ಮಾತ್ರ ಎಂದರೆ ದೇವರು ಪಕ್ಷಪಾತಿಯಾಗುತ್ತಾನೆ. ಅವರಿಗೂ ಎಂದರೆ ಬೇತ್ಲೆಹೇಮಿನ ಸುದ್ದಿ ಅಷ್ಟು ದೂರ ಮುಟ್ಟುವುದು ಹೇಗೆ? ಇಷ್ಟೆಲ್ಲ ಬರೆದು ಕೊನೆಗೆ 'ಇಂಥದ್ದನ್ನು ಕೇಳುವುದೇ ಪಾಪವಾ ಅಕ್ಕಾ' ಎಂದಿದ್ದೀಯಲ್ಲ, ಓದಿ ನಗುವೂ ಬಂತು, ಕರುಳೂ ಚುರ್ ಎಂದಿತು.

ನಿನ್ನನ್ನು ಕೆಣಕಿದ ಆ ಕೆ2-18ಬಿ ಸುದ್ದಿಯನ್ನು ನಾನೂ ಓದಿದ್ದೆ. 2025ರ ಏಪ್ರಿಲಿನಲ್ಲಿ ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ಅವರ ತಂಡ, ಆ ಗ್ರಹದ ಗಾಳಿಯಲ್ಲಿ ಒಂದು ಅನಿಲದ ಸುಳಿವಿದೆ ಎಂದಿತು. ನಮ್ಮಲ್ಲಿ ಅದು ಹುಟ್ಟುವುದು ಹೆಚ್ಚಾಗಿ ಸಮುದ್ರದ ಸೂಕ್ಷ್ಮ ಪಾಚಿಗಳಿಂದ. ಸುಳಿವು ತೀರ ತೆಳುವಾಯಿತೆಂದು ಬೇರೆ ವಿಜ್ಞಾನಿಗಳು ತಕರಾರು ತೆಗೆದರು. ಆ ಗ್ರಹವಿರುವುದು ಸುಮಾರು 124 ಜ್ಯೋತಿರ್ವರ್ಷ ದೂರದಲ್ಲಿ. ಈಗ ನಮಗೆ ಸಿಗುತ್ತಿರುವ ಅದರ ಬೆಳಕು ಅಲ್ಲಿಂದ ಹೊರಟಾಗ ನಮ್ಮ ಅಜ್ಜಿ ಇನ್ನೂ ಹುಟ್ಟಿರಲಿಲ್ಲ. ಅಷ್ಟು ದೂರದ ಪಾಚಿಗಾಗಿ ನೀನಿಲ್ಲಿ ನಿದ್ದೆ ಬಿಟ್ಟು ಕೂತಿದ್ದೀಯಲ್ಲ, ಮಹರಾಯ್ತಿ!

ನೀನು ಕೇಳಿದ್ದು ಪಾಪವಂತೂ ಅಲ್ಲ, ಹೊಸದೂ ಅಲ್ಲ. 1277ರಲ್ಲಿ ಪ್ಯಾರಿಸ್ಸಿನ ಬಿಷಪ್ ಎತಿಯೆನ್ ತಾಂಪಿಯೇ, ಯಾರೂ ಕಲಿಸಕೂಡದೆಂದು 219 ವಾದಗಳ ಪಟ್ಟಿ ಹೊರಡಿಸಿದರು. ದೇವರು ಒಂದಕ್ಕಿಂತ ಹೆಚ್ಚು ಲೋಕಗಳನ್ನು ಮಾಡಲಾರ ಎಂಬ ವಾದವೂ ಅದರೊಳಗಿತ್ತು. ಗಮನಿಸಿದೆಯಾ, ಗದರಿಸಿಕೊಂಡವರು ಅದು ದೇವರಿಂದ ಆಗದು ಎಂದವರು. 1440ರಲ್ಲಿ ಕೂಸಾದ ನಿಕೋಲಸ್ ಬೇರೆ ನಕ್ಷತ್ರಗಳಲ್ಲೂ ನಿವಾಸಿಗಳಿರಬಹುದೆಂದು ಬರೆದರು. ಎಂಟು ವರ್ಷಕ್ಕೆ ಅವರನ್ನು ಕಾರ್ಡಿನಲ್ ಮಾಡಿದರು. ಹಾಗಾದರೆ ಅಸಂಖ್ಯ ಲೋಕಗಳಿವೆ ಎಂದ ಬ್ರೂನೋನನ್ನು ಸುಟ್ಟಿದ್ದೇಕೆ ಅಂತೀಯ, ಗೊತ್ತು. 1600ರಲ್ಲಿ ರೋಮಿನಲ್ಲಿ ಅವನನ್ನು ಸುಟ್ಟರು. ಆರೋಪಗಳಲ್ಲಿ ಆ ಲೋಕಗಳ ಮಾತೂ ಇತ್ತು, ಕ್ರಿಸ್ತನ ದೈವತ್ವದ ಮಾತೂ ಇತ್ತು. ಯಾವುದಕ್ಕೇ ಆಗಲಿ, ಮನುಷ್ಯನನ್ನು ಸುಟ್ಟದ್ದಕ್ಕೆ ಸಮಜಾಯಿಷಿ ಕೊಡಲು ನನ್ನಿಂದಾಗದು.

ನಮ್ಮ ಪ್ರೊಟೆಸ್ಟಂಟರಲ್ಲಿ ಹೆದರಿದವರು ಇರಲಿಲ್ಲವೆಂದಲ್ಲ. ಲೂಥರನ ಆಪ್ತ ಮೆಲಾಂಕ್ಟನ್ ಬೇರೆ ಲೋಕಗಳ ಮಾತನ್ನೇ ಒಪ್ಪಲಿಲ್ಲ. ಕ್ರಿಸ್ತನು ಹುಟ್ಟಿ, ಸತ್ತು, ಎದ್ದದ್ದು ಒಂದೇ ಸಲ. ಲೋಕ ಹಲವಾದರೆ ಅದೂ ಹಲವು ಸಲ ಆಗಬೇಕಾದೀತು ಎಂಬುದು ಅವನ ಅಳುಕು. ನಿನ್ನ ಮೆಸೇಜಿನಲ್ಲಿರುವುದೂ ಬಹುಪಾಲು ಅದೇ. ನೋಡು, ಎಂಥವರ ಪಕ್ಕ ಕೂತಿದ್ದೀಯ!

ಆದರೆ ಪುಟ್ಟಿ, ಈ ಅಳುಕಿನ ಕೆಳಗೆ ಇನ್ನೊಂದು ಇದೆ ಅಂತ ನನಗನ್ನಿಸುತ್ತದೆ. ನಿನ್ನ ತಮ್ಮ ಹುಟ್ಟಿದಾಗ ತೊಟ್ಟಿಲಿಗೆ ಇಣುಕಿ, 'ಇದನ್ನು ಆಸ್ಪತ್ರೆಗೆ ವಾಪಸ್ ಕೊಟ್ಟು ಬನ್ನಿ' ಅಂದವಳಲ್ಲವಾ ನೀನು? ಅಪ್ಪ ಇನ್ನು ನನ್ನನ್ನು ಎತ್ತಿಕೊಳ್ಳುವುದಿಲ್ಲ ಎಂಬ ಸಂಕಟ ಅದು. ದೇವರಿಗೆ ನಾವೊಬ್ಬರೇ ಮಕ್ಕಳಲ್ಲದೆ ಹೋದರೆ ನಮ್ಮ ಪಾಲಿನ ಪ್ರೀತಿ ಕಡಿಮೆಯಾದೀತು ಎಂಬ ಭಯವೂ ಅಂಥದ್ದೇ. ನನಗೆ ಆ ಭಯವಿಲ್ಲ. ಬೇರೆ ಗ್ರಹದವರು ಇದ್ದರೆ ಕುತೂಹಲ, ಇಲ್ಲದಿದ್ದರೂ ನನ್ನ ಭಾನುವಾರದಲ್ಲಿ ವ್ಯತ್ಯಾಸವಿಲ್ಲ.

ಈ ಧೈರ್ಯ ನನಗೆ ಕೊಟ್ಟವರು ಸ್ಕಾಟ್ಲೆಂಡಿನ ಸಭಾಪಾಲಕ ತಾಮಸ್ ಚಾಮರ್ಸ್. ಇಷ್ಟು ದೊಡ್ಡ ವಿಶ್ವದಲ್ಲಿ ಈ ಧೂಳುಕಣದಂಥ ಭೂಮಿಗಾಗಿ ದೇವರು ಮಗನನ್ನು ಕಳಿಸಿದ ಎಂದರೆ ನಂಬುವುದು ಹೇಗೆ ಎಂದು ಆ ಕಾಲದವರು ಹೀಯಾಳಿಸುತ್ತಿದ್ದರು. ಚಾಮರ್ಸ್ ಗ್ಲಾಸ್ಗೋದ ಟ್ರಾನ್ ಚರ್ಚಿನಲ್ಲಿ ಅದಕ್ಕೆ ಉತ್ತರವಾಗಿ ಸಾಲು ಉಪನ್ಯಾಸ ಕೊಟ್ಟರು. ಭಾನುವಾರವಲ್ಲ, ಕೆಲಸದ ದಿನ. ಆದರೂ ಜನ ಕಿಕ್ಕಿರಿದರು. 1817ರಲ್ಲಿ ಅದು ಪುಸ್ತಕವಾಯಿತು. ಅವರು ಹೇಳಿದ್ದರ ಸಾರ ಇಷ್ಟು: ದೂರದರ್ಶಕ ಬಂದ ಕಾಲಕ್ಕೇ ಸೂಕ್ಷ್ಮದರ್ಶಕವೂ ಬಂತು. ಒಂದು ದೇವರ ಲೋಕ ಎಷ್ಟು ದೊಡ್ಡದೆಂದು ತೋರಿಸಿತು, ಇನ್ನೊಂದು ಅವನ ಕಾಳಜಿ ಎಷ್ಟು ಸಣ್ಣದಕ್ಕೂ ಇಳಿಯುತ್ತದೆಂದು ತೋರಿಸಿತು. ಕಾಲೇಜಿನ ಲ್ಯಾಬಿನಲ್ಲಿ ಕೆರೆಯ ನೀರಿನ ಒಂದು ಹನಿ ಗಾಜಿನ ಮೇಲೆ ಇಟ್ಟು ನೋಡಿದ್ದೀಯಲ್ಲ. ಚಪ್ಪಲಿಯ ಅಚ್ಚಿನಂಥ ಪ್ಯಾರಮೀಸಿಯಂ, ಸುತ್ತಲೂ ಕಣ್ಣರೆಪ್ಪೆಗಿಂತ ನವುರಾದ ಕೂದಲು, ಒಂದೊಂದೂ ಲಯ ತಪ್ಪದೆ ಬಡಿಯುತ್ತಿರುತ್ತದೆ. ಅದನ್ನೂ ಅಷ್ಟು ಮುತುವರ್ಜಿಯಿಂದ ಮಾಡಿದವನಿಗೆ ಲೋಕಗಳು ಹೆಚ್ಚಾದವೆಂದು ಕೈ ಸಾಲದೆ ಹೋದೀತೇ? ತೊಂಬತ್ತೊಂಬತ್ತನ್ನು ಬಿಟ್ಟು ತಪ್ಪಿಹೋದ ಒಂದು ಕುರಿಯನ್ನು ಹುಡುಕಿಕೊಂಡು ಹೋದ ಕುರುಬನನ್ನೂ ಚಾಮರ್ಸ್ ನೆನೆಯುತ್ತಾರೆ. ತಪ್ಪಿಹೋದ ಆ ಒಂದು ನಮ್ಮ ಭೂಮಿಯೇ ಇರಬಾರದೇಕೆ? ಹೀಗೆ ನೋಡಿದಾಗ ಹೆಮ್ಮೆಪಡುವುದಕ್ಕೇನೂ ಉಳಿಯುವುದಿಲ್ಲ, ನಾಚಿಕೆಯೇ ಜಾಸ್ತಿ.

ಲೇಖಕ ಸಿ.ಎಸ್. ಲೂಯಿಸ್ ಇನ್ನೂ ಒರಟು. ಬೇರೆ ಗ್ರಹದವರು ಪಾಪವನ್ನೇ ಮಾಡಿರದಿದ್ದರೆ ಅವರಿಗೆ ರಕ್ಷಣೆಯ ಅಗತ್ಯವೇನು ಎಂದು ಕೇಳಿದರು. ನಕ್ಷತ್ರಗಳ ನಡುವಿನ ಈ ಅಪಾರ ದೂರ, ನಮ್ಮ ಕೇಡು ಇತರರಿಗೆ ಅಂಟದಿರಲೆಂದು ದೇವರು ಹಾಕಿದ ಕ್ವಾರಂಟೈನ್ ಇದ್ದೀತೇನೋ ಎಂದೂ ಬರೆದರು. ನಾವು ಅಲ್ಲಿಗೆ ಹೋದರೆ ಏನು ಮಾಡುತ್ತೇವೆಂಬುದೇ ಅವರ ಚಿಂತೆ. ನನಗದು ನಾಟಿತು. 1834ರಲ್ಲಿ ಬಾಸೆಲ್‌ನಿಂದ ಮೂವರು ಮಿಶನರಿಗಳು ಮಂಗಳೂರಿಗೆ ಬಂದಿಳಿದಾಗ, ನೋಡಿದ ನಮ್ಮವರಿಗೆ ಅವರೂ ಬೇರೆ ಲೋಕದವರೇ. ಆಮೇಲೆ ಹಂಚಿನ ಕಾರ್ಖಾನೆ, ಅಚ್ಚುಕೂಟ, ಶಾಲೆ ಬಂದವು, ಸರಿ. ಅದೇ ಶತಮಾನದಲ್ಲಿ ಬೇರೆ ಬೇರೆ ಕಡೆ ಹಡಗಿನಿಂದ ಇಳಿದವರು ತಂದದ್ದು ಬಂದೂಕು ಮತ್ತು ಸಿಡುಬು.

ರೋಮಿನವರು ನಿನ್ನ ಪ್ರಶ್ನೆಯನ್ನು ನಮಗಿಂತ ಹಗುರಾಗಿ ತೆಗೆದುಕೊಂಡಿದ್ದಾರೆ. ವ್ಯಾಟಿಕನ್ ಖಗೋಳ ವೀಕ್ಷಣಾಲಯದ ನಿರ್ದೇಶಕರಾಗಿದ್ದ ಫುನೆಸ್, ಅನ್ಯಗ್ರಹದವನನ್ನೂ ಸಹೋದರ ಎನ್ನಬಹುದೆಂದು 2008ರಲ್ಲೇ ಹೇಳಿದರು. ಮಂಗಳದವನು ಬಂದು ದೀಕ್ಷಾಸ್ನಾನ ಕೇಳಿದರೆ ಏನು ಮಾಡುತ್ತೀರಿ ಎಂದು ಪೋಪ್ ಫ್ರಾನ್ಸಿಸ್ 2014ರ ಪ್ರಸಂಗದಲ್ಲಿ ಕೇಳಿದ್ದರು, ಹಸಿರು ಮೈ, ಉದ್ದ ಮೂಗು ಎಲ್ಲ ವರ್ಣಿಸಿ! ಈಗ ಆ ವೀಕ್ಷಣಾಲಯದ ನಿರ್ದೇಶಕರು ನಮ್ಮ ದೇಶದ ಜೆಸ್ವಿಟ್ ಪಾದ್ರಿ ರಿಚರ್ಡ್ ಡಿಸೋಜಾ. ಅವರ ಅಧ್ಯಯನ ಗೆಲಾಕ್ಸಿಗಳದ್ದು.

ನನಗೆ ಕಸಿವಿಸಿ ಬೇರೆ ಕಡೆ ಇದೆ. ನೀನು ಕಳಿಸಿದ ಒಂದು ವಿಡಿಯೋದಲ್ಲಿ ಒಬ್ಬ, ಯೆಹೆಜ್ಕೇಲನು ಕಂಡ ಚಕ್ರಗಳು ಹಾರುವ ತಟ್ಟೆ, ದೇವದೂತರೆಲ್ಲ ಏಲಿಯನ್‌ಗಳು ಎನ್ನುತ್ತಾನಲ್ಲ, ಅದನ್ನು ಮಾತ್ರ ನೆಚ್ಚಬೇಡ. ನಮ್ಮನ್ನು ಬಿಡಿಸಲು ಆಕಾಶದಿಂದ ಜಾಣರು ಬರುತ್ತಾರೆಂದು ಕಾಯುವುದು ರಕ್ಷಕನನ್ನು ಬದಲಾಯಿಸಿಕೊಂಡಂತೆ. ಹಾಗೆಯೇ ಯೋಹಾನ ಹತ್ತನೆಯ ಅಧ್ಯಾಯದ ಬೇರೆ ಹಟ್ಟಿಯ ಕುರಿಗಳನ್ನು ಎಳೆದು ಮಂಗಳಕ್ಕೆ ಕಟ್ಟುವವರೂ ಇದ್ದಾರೆ. ಅಲ್ಲಿ ಹೇಳಿದ್ದು ಯೆಹೂದ್ಯರಲ್ಲದವರ ಮಾತು, ಅಂದರೆ ನಿನ್ನ ನನ್ನ ಮಾತು. ಸತ್ಯವೇದ ಅನ್ಯಗ್ರಹಗಳ ಬಗ್ಗೆ ಹೌದು, ಅಲ್ಲ ಎರಡನ್ನೂ ಹೇಳಿಲ್ಲ. ಅದು ಹೇಳದ್ದನ್ನು ಅದರ ಬಾಯಿಗೆ ತುರುಕುವುದು ಬೇಡ.

ಬೇರೆ ಕಡೆ ಜೀವಿಗಳಿವೆಯೋ ಇಲ್ಲವೋ ಎಂಬುದನ್ನು ಹುಡುಕಿಯೇ ತಿಳಿಯಬೇಕು. ಗುರುವಿನ ಉಪಗ್ರಹ ಯೂರೋಪಾದ ಮಂಜಿನ ಕೆಳಗೆ ಕಡಲಿದೆ ಎಂಬುದಕ್ಕೆ ಬಲವಾದ ಸುಳಿವುಗಳಿವೆ. ಅದನ್ನು ನೋಡಲು ಹೊರಟ ಕ್ಲಿಪ್ಪರ್ ನೌಕೆ 2030ರಲ್ಲಿ ಅಲ್ಲಿಗೆ ಮುಟ್ಟಬೇಕು. ಅಷ್ಟರಲ್ಲಿ ನಿನ್ನ ಓದು ಮುಗಿದಿರುತ್ತದೆ, ಪರೀಕ್ಷೆ ಬರೆದಿದ್ದರೆ!

ಕ್ರಿಸ್ಮಸ್ಸಿಗೆ ಬರುವಾಗ ನಿಮ್ಮಪ್ಪನ ಬೈನಾಕ್ಯುಲರ್ ತಾ, ತಾರಸಿಯ ಮೇಲೆ ಹೋಗಿ ಗುರುವಿನ ಉಪಗ್ರಹಗಳನ್ನು ನೋಡೋಣ. ಬರುವ ಭಾನುವಾರ ಯೌವನಸ್ಥರ ಕೂಟದಲ್ಲಿ ಈ ಪ್ರಶ್ನೆಯನ್ನು ಎದ್ದು ನಿಂತು ಅಯ್ಯನವರಿಗೇ ಕೇಳು. ಅವರು ಗಡ್ಡ ಕೆರೆದುಕೊಳ್ಳುತ್ತಾ 'ಮುಂದಿನ ವಾರ ನೋಡೋಣಮ್ಮ' ಎಂದರೆ ಬಿಡಬೇಡ. ಏನಂದರು ಅಂತ ನನಗೆ ಬರೆ, ಹಗಲು ಹೊತ್ತಿನಲ್ಲಿ. ಕೇಳಲು ಹೇಳಿಕೊಟ್ಟವಳು ನಾನು ಅಂತ ಮಾತ್ರ ಹೇಳಬೇಡ, ನನ್ನನ್ನು ಈ ಸಲವೂ ಸಂಡೇ ಸ್ಕೂಲಿಗೆ ಹಾಕಿದ್ದಾರೆ.

ಅಜ್ಜಿ ಮುತ್ತು ಕಳಿಸಿದ್ದಾರೆ.

ನಿನ್ನ ಅಕ್ಕ