ಸಬರಮತಿಯ ದಂಡೆಯಲ್ಲಿ ಸದ್ದು ನೇಯ್ದವರು

ಅಹಮದಾಬಾದಿಗೆ ಹೋದವರು ನೋಡಿ ಬರುವ ಜಾಗಗಳ ಪಟ್ಟಿ ಹೆಚ್ಚುಕಡಿಮೆ ಒಂದೇ. ಗಾಂಧೀಜಿಯವರ ಸಬರಮತಿ ಆಶ್ರಮ, ಸೀದಿ ಸೈಯದ್ ಮಸೀದಿಯ ಕಲ್ಲಿನ ಜಾಲಂದ್ರ, ಊರಾಚೆಯ ಅಡಾಲಜ್ ಮೆಟ್ಟಿಲು ಬಾವಿ, ರಾತ್ರಿಯಾದರೆ ಮಾಣೆಕ್ ಚೌಕದ ತಿಂಡಿ ಅಂಗಡಿಗಳ ಸಾಲು. ಹಳೆಯ ಊರಿನ ಇಕ್ಕಟ್ಟಾದ ‘ಪೋಳ್’ ಕೇರಿಗಳಲ್ಲಿ ಒಂದು ಬೆಳಗು ಸುತ್ತಾಡಿ, ಒಂದೆರಡು ಬಾಂಧನಿ ಸೀರೆ ಕೊಂಡರೆ ಪ್ರವಾಸ ಮುಗಿದಂತೆ.

ಆದರೆ ಹಳೆಯ ಊರಿನಿಂದ ಸರ್ದಾರ್ ಸೇತುವೆಯ ಮೇಲೆ ನದಿ ದಾಟಿ ಪಶ್ಚಿಮ ದಂಡೆಗೆ ಬಂದರೆ ಸಿಗುವ ಪಾಲ್ಡಿ ಬಡಾವಣೆಯನ್ನು ಪ್ರವಾಸಿಗಳು ಅಷ್ಟಾಗಿ ಗಮನಿಸುವುದಿಲ್ಲ. ಫ್ರಾನ್ಸಿನ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ರೂಪಿಸಿದ ಸಂಸ್ಕಾರ ಕೇಂದ್ರ ಇಲ್ಲಿದೆ. ಅದರ ಪಕ್ಕದಲ್ಲೇ ಬಿ.ವಿ. ದೋಶಿಯವರ ವಿನ್ಯಾಸದ ಟಾಗೋರ್ ಹಾಲ್. ಅವುಗಳಿಗೆ ಸಮೀಪದಲ್ಲಿ, ಮರಗಳ ನೆರಳಲ್ಲಿ, ರಾಷ್ಟ್ರೀಯ ವಿನ್ಯಾಸ ಸಂಸ್ಥೆ. 1961ರಲ್ಲಿ ಆರಂಭವಾದ ಈ ಸಂಸ್ಥೆಯನ್ನು ವಿದ್ಯಾರ್ಥಿಗಳು ಎನ್.ಐ.ಡಿ. ಎಂದೇ ಕರೆಯುತ್ತಾರೆ. ಬಟ್ಟೆ, ಪೀಠೋಪಕರಣ, ಅಕ್ಷರ, ಆಟಿಕೆ ಎಲ್ಲಕ್ಕೂ ರೂಪ ಕೊಡುವುದನ್ನು ಕಲಿಸುವ ಶಾಲೆ ಇದು. ಇಲ್ಲಿ ಒಂದು ಕಾಲಕ್ಕೆ ಸದ್ದಿಗೂ ರೂಪ ಕೊಡುತ್ತಿದ್ದರು ಎಂಬುದು ಊರಿನವರಲ್ಲೇ ಅನೇಕರಿಗೆ ಗೊತ್ತಿಲ್ಲ.

1969ರಲ್ಲಿ ಈ ಆವರಣದ ಒಂದು ಕೋಣೆಗೆ ಅಮೆರಿಕದಿಂದ ಮೋಗ್ ಸಿಂಥಸೈಜರ್ ಬಂದಿತು. ನ್ಯೂಯಾರ್ಕ್ ರಾಜ್ಯದ ಟ್ರೂಮನ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ರಾಬರ್ಟ್ ಮೋಗ್ ಎಂಬ ಎಂಜಿನಿಯರ್ ಇಂಥ ಯಂತ್ರದ ಮೊದಲ ಮಾದರಿ ಮಾಡಿದ್ದು 1964ರಲ್ಲಿ. ಐದೇ ವರ್ಷದಲ್ಲಿ ಅದು ಸಬರಮತಿಯ ದಂಡೆ ತಲುಪಿತ್ತು.

ಒಂದೇ ಮನೆಯ ಅಣ್ಣ ತಂಗಿ

ಈ ಕಥೆಯ ಹಿಂದೆ ಊರಿನ ಸಾರಾಭಾಯಿ ಮನೆತನವಿದೆ. ಕ್ಯಾಲಿಕೊ ಗಿರಣಿಯ ಒಡೆಯರಾದ ಅಂಬಾಲಾಲ್ ಸಾರಾಭಾಯಿ ಅವರ ಮಕ್ಕಳಲ್ಲಿ ವಿಕ್ರಮ್ ಸಾರಾಭಾಯಿ ನಮಗೆಲ್ಲ ಗೊತ್ತು. ಅವರ ಸೋದರ ಗೌತಮ್ ಮತ್ತು ಸೋದರಿ ಗಿರಾ ಎನ್.ಐ.ಡಿ.ಯನ್ನು ಕಟ್ಟಿ ಬೆಳೆಸಿದವರು. ಇನ್ನೊಬ್ಬ ಸೋದರಿ ಗೀತಾ, ಹೆಂಗಸರು ಪಖಾವಾಜ್ ಮುಟ್ಟುವುದೇ ಅಪರೂಪವಾಗಿದ್ದ ಕಾಲದಲ್ಲಿ ಅದನ್ನು ಕಲಿತು ನುಡಿಸಿದವರು.

ಪಾಶ್ಚಾತ್ಯ ಸಂಗೀತದ ಪ್ರಭಾವದಿಂದ ನಮ್ಮ ಸಂಗೀತ ಏನಾದೀತು ಎಂಬ ಆತಂಕ ಗೀತಾ ಅವರಿಗಿತ್ತು. ಹಾಗೆಂದು ಅವರು ಬಾಗಿಲು ಹಾಕಿ ಕೂರಲಿಲ್ಲ. 1946ರಲ್ಲಿ ನ್ಯೂಯಾರ್ಕಿಗೆ ಹೋಗಿ, ಆಗಿನ ಹೊಸ ಸಂಗೀತದ ಮುಂಚೂಣಿಯಲ್ಲಿದ್ದ ಜಾನ್ ಕೇಜ್ ಬಳಿ ಪಾಶ್ಚಾತ್ಯ ಸಂಗೀತ ಕಲಿತರು. ಬದಲಿಗೆ ಆತನಿಗೆ ಭಾರತೀಯ ಸಂಗೀತ ಹೇಳಿಕೊಟ್ಟರು. ಆ ಗೆಳೆತನದ ಫಲವಾಗಿ 1969ರಲ್ಲಿ ಕೇಜ್‌ನ ಒಡನಾಡಿ, ಪಿಯಾನೊ ವಾದಕ ಡೇವಿಡ್ ಟ್ಯೂಡರ್ ಅಹಮದಾಬಾದಿಗೆ ಬಂದು ಸ್ಟುಡಿಯೊ ಅಣಿಗೊಳಿಸಿದ. ಅದೇ 1969ರ ಆಗಸ್ಟ್ 15ರಂದು ಅಣ್ಣ ವಿಕ್ರಮ್ ಅವರ ಇಸ್ರೊ ಹುಟ್ಟಿತು ಎಂಬುದು ಇಲ್ಲಿ ನೆನೆಯಬೇಕಾದ ಮಾತು.

ನಾಲ್ಕು ಬಗೆಯ ಅಲೆ

ಸಿಂಥಸೈಜರ್ ಎಂದೊಡನೆ ಮದುವೆ ಮನೆಯ ಆರ್ಕೆಸ್ಟ್ರಾದಲ್ಲಿ ಗುಂಡಿ ಒತ್ತಿದರೆ ಕೊಳಲು, ಇನ್ನೊಂದು ಒತ್ತಿದರೆ ಪಿಟೀಲು ಕೇಳಿಸುವ ಕೀಬೋರ್ಡ್ ಕಣ್ಣ ಮುಂದೆ ಬರುತ್ತದೆ. ಅಂದಿನ ಮೋಗ್ ಹಾಗಿರಲಿಲ್ಲ. ಕಪಾಟಿನಂಥ ಪೆಟ್ಟಿಗೆ, ಸಾಲು ಸಾಲು ತಿರುಗುಗುಂಡಿ, ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದಂತೆ ಅಲ್ಲಿಂದಿಲ್ಲಿಗೆ ಸಿಕ್ಕಿಸುವ ತಂತಿಗಳು. ಅದರಲ್ಲಿ ಸಿದ್ಧವಾದ ಸದ್ದು ಒಂದೂ ಇರಲಿಲ್ಲ. ಪ್ರತಿಯೊಂದನ್ನೂ ಕೂಡಿಸಿಯೇ ಪಡೆಯಬೇಕು.

ಕೆಲಸ ಶುರುವಾಗುವುದು ಆಸಿಲೇಟರ್‌ನಿಂದ. ಸೆಕೆಂಡಿಗೆ ಇಷ್ಟು ಬಾರಿ ಎಂದು ವಿದ್ಯುತ್ತನ್ನು ತೂಗುಯ್ಯಾಲೆಯಂತೆ ಆಡಿಸುವ ಭಾಗ ಅದು. 110 ಬಾರಿ ಆಡಿಸಿದರೆ ಗಂಡಸಿನ ಮಂದ್ರ ಕಂಠದ ಎತ್ತರದ ಸ್ವರ. 220 ಬಾರಿ ಆಡಿಸಿದರೆ ಅದೇ ಸ್ವರ ಒಂದು ಸ್ಥಾಯಿ ಮೇಲೆ. ಮೋಗ್ ಆಸಿಲೇಟರಿನಿಂದ ನಾಲ್ಕು ಆಕಾರದ ಅಲೆ ಸಿಗುತ್ತಿತ್ತು. ಏರಿಳಿತ ನುಣುಪಾಗಿರುವ ಸೈನ್ ಅಲೆಯಲ್ಲಿ ಮೂಲಸ್ವರ ಬಿಟ್ಟು ಬೇರೇನೂ ಇಲ್ಲ. ಮೆಲುವಾಗಿ ಊದಿದ ಕೊಳಲು ಇದಕ್ಕೆ ಹತ್ತಿರ. ತ್ರಿಕೋನ ಅಲೆ ಅದಕ್ಕಿಂತ ತುಸು ಗಟ್ಟಿ. ಗರಗಸದ ಹಲ್ಲಿನಂಥ ಅಲೆಯಲ್ಲಿ ಎಲ್ಲ ಉಪಸ್ವರಗಳೂ ಇವೆ. ಚೌಕ ಅಲೆಯಲ್ಲಿ ಬೆಸಸಂಖ್ಯೆಯವು ಮಾತ್ರ. ಕ್ಲಾರಿಯೋನೆಟ್ಟಿನ ಟೊಳ್ಳು ದನಿ ಇದನ್ನು ಹೋಲುತ್ತದೆ.

ಉಪಸ್ವರ ಎಂದರೇನು? ಒಳ್ಳೆಯ ತಂಬೂರಿಯ ಮುಂದೆ ಕಣ್ಣು ಮುಚ್ಚಿ ಕುಳಿತರೆ, ಯಾರೂ ಮೀಟದ ಗಾಂಧಾರ ಕೇಳಿಸುತ್ತದೆ. ಸ್ವಯಂಭೂ ಗಾಂಧಾರ ಎಂದು ಹಿರಿಯರು ಹೇಳುವುದು ಇದನ್ನೇ. ತಂತಿ 110ರ ವೇಗದಲ್ಲಿ ಆಡುವಾಗಲೇ 220, 330, 440, 550ರ ವೇಗಗಳಲ್ಲೂ ಆಡುತ್ತಿರುತ್ತದೆ. 110 ಷಡ್ಜವಾದರೆ 330 ಪಂಚಮ, 550 ಗಾಂಧಾರ. ಗರಗಸದ ಅಲೆಯಲ್ಲಿ ಇವೆಲ್ಲವೂ ಇವೆ. ಚೌಕ ಅಲೆಯಲ್ಲಿ 330, 550 ಇವೆ, 220, 440 ಇಲ್ಲ. ಶಾಲೆಯಲ್ಲಿ ಸೂತ್ರವಾಗಿ ಓದುವ ಪಾಠವನ್ನು ಪಾಲ್ಡಿಯ ಕೋಣೆಯಲ್ಲಿ ಒಂದು ಗುಂಡಿ ತಿರುಗಿಸಿ ಕಿವಿಯಿಂದಲೇ ಕಲಿಯಬಹುದಿತ್ತು.

ಮಿಕ್ಸರಿನ ಅಳತೆ

ಒಂದೇ ಆಸಿಲೇಟರಿನ ದನಿ ಬೇಗ ಬೇಸರ ತರಿಸುತ್ತದೆ. ಎರಡನ್ನು ಸೇರಿಸಿದಾಗ ಅದಕ್ಕೆ ಜೀವ ಬರುತ್ತದೆ. ಒಂದನ್ನು 220ಕ್ಕೂ ಇನ್ನೊಂದನ್ನು 221ಕ್ಕೂ ನಿಲ್ಲಿಸಿದರೆ ಸೆಕೆಂಡಿಗೊಮ್ಮೆ ದನಿ ಉಬ್ಬಿ ತಗ್ಗುತ್ತದೆ. ತಂಬೂರಿಯ ನಡುವಿನ ಎರಡು ತಂತಿ ಶ್ರುತಿಗೂಡುವ ಮುನ್ನ ಕೇಳಿಸುವ ‘ವೊಂಯ್ ವೊಂಯ್’ ಇದೇ. ತಂಬೂರಿ ಕೂಡಿಸುವವರು ಅದು ನಿಧಾನವಾಗುತ್ತ ಹೋಗುವುದನ್ನು ಕೇಳಿಕೊಂಡೇ ಬಿರಡೆ ತಿರುಗಿಸುತ್ತಾರೆ. ಸಿಂಥಸೈಜರ್ ನುಡಿಸುವವರು ಸ್ವಲ್ಪ ವ್ಯತ್ಯಾಸವನ್ನು ಬೇಕೆಂದೇ ಉಳಿಸಿಕೊಳ್ಳುತ್ತಾರೆ.

ಇಲ್ಲಿಂದ ಮುಂದೆ ಮಿಕ್ಸರಿನ ಕೆಲಸ. ಇದು ಚಟ್ನಿ ರುಬ್ಬುವ ಮಿಕ್ಸಿಯಲ್ಲ. ಯಾವ ಸದ್ದು ಎಷ್ಟು ಪ್ರಮಾಣದಲ್ಲಿ ಇರಬೇಕೆಂದು ನಿರ್ಧರಿಸುವ ಭಾಗ. ಆದರೂ ಅಡುಗೆಯ ಹೋಲಿಕೆ ಸಲ್ಲುತ್ತದೆ. ಸಾಂಬಾರಿಗೆ ಮೆಂತ್ಯ ಬೇಕು, ಆದರೆ ಮೆಂತ್ಯ ಹಾಕಿದ್ದು ಗೊತ್ತಾಗುವಷ್ಟು ಬೇಡ.

ವಿದ್ಯಾರ್ಥಿಗಳು ಇದನ್ನು ಲೆಕ್ಕ ಹಾಕಿ ನೋಡಬಹುದು. 220 ಮತ್ತು 221ರ ಎರಡು ಸೈನ್ ಅಲೆಗಳನ್ನು ಸಮಸಮ ಬೆರೆಸಿದರೆ, ಒಂದಾದಾಗ ಅಲೆಯ ಎತ್ತರ 1 ಕೂಡಿಸು 1, ಅಂದರೆ 2. ಎದುರುಬದುರಾದಾಗ 1 ಕಳೆ 1, ಅಂದರೆ ಸೊನ್ನೆ. ದನಿ ಪೂರ್ತಿ ಮುಳುಗಿ ಮತ್ತೆ ಏಳುತ್ತದೆ. ಎರಡನೆಯದನ್ನು ಕಾಲು ಭಾಗಕ್ಕೆ ಇಳಿಸಿದರೆ ಏರಿಳಿತ 1.25 ಮತ್ತು 0.75ರ ನಡುವೆ ಮಾತ್ರ. ಮುಳುಗುವ ಬದಲು ದನಿ ಉಸಿರಾಡಿದಂತೆ ಕೇಳಿಸುತ್ತದೆ. ಶ್ರುತಿ ಬದಲಾಗಲಿಲ್ಲ, ವೇಗ ಬದಲಾಗಲಿಲ್ಲ, ಬದಲಾದದ್ದು ಪ್ರಮಾಣ ಮಾತ್ರ.

ಎರಡನೆಯ ಆಸಿಲೇಟರನ್ನು ಒಂದು ಸ್ಥಾಯಿ ಮೇಲಿಟ್ಟು ಸಣ್ಣಗೆ ಬೆರೆಸಿದರೆ ಅದು ಬೇರೆ ಸ್ವರವಾಗಿ ಕೇಳಿಸದೆ ಮೊದಲ ದನಿಗೇ ಹೊಳಪು ಕೊಡುತ್ತದೆ. ಮಟ್ಟ ಏರಿಸುತ್ತ ಹೋದರೆ ಒಂದು ಹಂತದಲ್ಲಿ ಕಿವಿಗೆ ಇಬ್ಬರು ಹಾಡುತ್ತಿರುವಂತೆ ತೋರುತ್ತದೆ. ಆ ಗಡಿ ಎಲ್ಲಿದೆ ಎಂಬುದನ್ನು ಯಾವ ಅಂಕಿಯೂ ಹೇಳದು, ಕೇಳಿಯೇ ತಿಳಿಯಬೇಕು. ಬೆರೆತ ದನಿ ಆಮೇಲೆ ಫಿಲ್ಟರಿಗೆ ಹೋಗುತ್ತದೆ. ಕಾಫಿ ಫಿಲ್ಟರ್ ಚರಟವನ್ನು ತಡೆದು ಡಿಕಾಕ್ಷನ್ ಇಳಿಸುವಂತೆ ಇದು ಮೇಲಿನ ಉಪಸ್ವರಗಳನ್ನು ತಡೆದು ಕೆಳಗಿನವನ್ನು ಬಿಡುತ್ತದೆ. ಮಿಕ್ಸರಿನಲ್ಲಿ ಮಟ್ಟ ತೀರ ಏರಿಸಿದರೆ ಅಲೆಯ ತುದಿಗಳು ಚಪ್ಪಟೆಯಾಗಿ, ಮೊದಲು ಇಲ್ಲದಿದ್ದ ಉಪಸ್ವರಗಳೂ ಹುಟ್ಟಿಕೊಳ್ಳುತ್ತವೆ. ಮೋಗ್ ದನಿಯಲ್ಲಿ ಹಲವರು ಮೆಚ್ಚುವ ಆ ದಪ್ಪಕ್ಕೆ ಇದೂ ಒಂದು ಕಾರಣ.

ನಮ್ಮ ಸಂಗೀತಕ್ಕೆ ಇದರಲ್ಲಿ ಇನ್ನೊಂದು ಮುಖ್ಯ ಸಂಗತಿ ಇದೆ. ಕೀಬೋರ್ಡಿಗೆ ಮೆಟ್ಟಿಲುಗಳಿವೆ, ಸ್ಥಾಯಿಗೆ ಹನ್ನೆರಡೇ ಮನೆ. ಆಸಿಲೇಟರಿನ ಗುಂಡಿಗೆ ಮೆಟ್ಟಿಲಿಲ್ಲ. ಅದು ಜಾರುತ್ತದೆ, ಸ್ವರ ಸ್ವರಗಳ ನಡುವೆ ಎಲ್ಲಿ ಬೇಕಾದರೂ ನಿಲ್ಲುತ್ತದೆ. ಮೀಂಡ್, ಗಮಕಗಳನ್ನು ಕೇಳಿ ಬೆಳೆದ ಕಿವಿಗೆ ಪರದೇಶದ ಈ ಯಂತ್ರ ಅಷ್ಟೇನೂ ಪರಕೀಯವಾಗಿರಬೇಕಿಲ್ಲ.

ಕಪಾಟಿನಲ್ಲಿ ಉಳಿದ ಟೇಪುಗಳು

ಟ್ಯೂಡರ್ ಮರಳಿ ಹೋದ ಮೇಲೂ ಕೋಣೆ ಸುಮ್ಮನಾಗಲಿಲ್ಲ. ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಎಸ್.ಸಿ. ಶರ್ಮಾ, ಅತುಲ್ ದೇಸಾಯಿ ಅಲ್ಲಿ ಕುಳಿತು ಸದ್ದು ಕೂಡಿಸಿದರು. 1970ರ ಒಸಾಕಾ ವಿಶ್ವಪ್ರದರ್ಶನಕ್ಕೂ ಧ್ವನಿಮುದ್ರಣ ಸಿದ್ಧವಾಯಿತು. ಜಿನರಾಜ್ ಜೋಶಿಪುರ ಎಂಬ ವಿದ್ಯಾರ್ಥಿ 2001ರ ಅಂತರಿಕ್ಷಯಾನವನ್ನು ಊಹಿಸಿಕೊಂಡು ‘ಸ್ಪೇಸ್ ಲೈನರ್ 2001’ ಎಂಬ ರಚನೆ ಮಾಡಿದ. ಆದರೆ 1972ರ ಹೊತ್ತಿಗೆ ಸ್ಟುಡಿಯೊದ ಕೆಲಸ ನಿಂತಿತು. ಮೂರು ವರ್ಷದ ಪ್ರಯೋಗ ಟೇಪಿನ ಸುರುಳಿಗಳಾಗಿ ಸಂಸ್ಥೆಯ ಸಂಗ್ರಹ ಸೇರಿತು.

ಮುಂದಿನ ನಾಲ್ಕೂವರೆ ದಶಕ ಅವನ್ನು ಹೆಚ್ಚಿನವರು ಕೇಳಲಿಲ್ಲ. ಲಂಡನ್ನಿನ ಕಲಾವಿದ ಪಾಲ್ ಪುರ್ಗಾಸ್ ಅವುಗಳನ್ನು ಹುಡುಕಿ ಬಂದ ಮೇಲೆ, 2020ರಲ್ಲಿ ಬಿ.ಬಿ.ಸಿ. ರೇಡಿಯೊದಲ್ಲಿ ಈ ಕಥೆ ಪ್ರಸಾರವಾಯಿತು. 2023ರಲ್ಲಿ ಆಯ್ದ ರಚನೆಗಳ ಸಂಪುಟ ಹೊರಬಂದಿತು. ಕಾಂತೀಯ ಟೇಪು ಶಾಶ್ವತವಲ್ಲ. ಬಿಸಿಲು, ತೇವ, ಧೂಳು ಅದನ್ನು ಮೆಲ್ಲನೆ ತಿನ್ನುತ್ತವೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಅವು ಉಳಿದುಕೊಂಡದ್ದು ದೊಡ್ಡದು. ಉಳಿಯದಿದ್ದರೆ ಇಂಥದೊಂದು ನಡೆದಿತ್ತೆಂದು ಹೇಳಿದರೂ ನಂಬುವವರು ಕಡಿಮೆಯಿರುತ್ತಿದ್ದರು. ಅಜ್ಜಿಯ ಹಾಡಿನ ಕ್ಯಾಸೆಟ್ಟು ಮನೆಯ ಅಟ್ಟದಲ್ಲಿದ್ದರೆ ಅದನ್ನು ಇಂದೇ ಇಳಿಸಿ ನೋಡುವುದು ಒಳ್ಳೆಯದು.

ಮನೆಯ ಕೀಬೋರ್ಡಿನ ಮಾತು

ಮಕ್ಕಳಿಗೆ ಕೀಬೋರ್ಡ್ ಕೊಡಿಸುವ ಅಪ್ಪ ಅಮ್ಮಂದಿರು ‘ಎಷ್ಟು ಬಗೆಯ ಸದ್ದು ಬರುತ್ತದೆ?’ ಎಂದು ಅಂಗಡಿಯಲ್ಲಿ ಕೇಳುವುದುಂಟು. ನೂರೋ ಐನೂರೋ ಎಂಬ ಉತ್ತರ ಬರುತ್ತದೆ. ಅವೆಲ್ಲವೂ ಬೇರೆ ಯಾರೋ ಅಲೆ ಆರಿಸಿ, ಮಟ್ಟ ಕೂಡಿಸಿ, ಬೀಗ ಹಾಕಿಟ್ಟ ಸದ್ದುಗಳು. ‘ಇದರಲ್ಲಿ ಮಗು ತಾನೇ ಸದ್ದು ಬದಲಿಸಬಹುದೇ?’ ಎಂದು ಕೇಳುವುದು ಹೆಚ್ಚು ಉಪಯುಕ್ತ. ಕಂಪ್ಯೂಟರಿನಲ್ಲಿ ನಡೆಯುವ ಉಚಿತ ಸಿಂಥಸೈಜರ್‌ಗಳೂ ಈಗ ಸಾಕಷ್ಟಿವೆ. ಎರಡು ಆಸಿಲೇಟರ್, ಒಂದು ಮಿಕ್ಸರ್, ಒಂದು ಫಿಲ್ಟರ್ ಇದ್ದರೆ ಒಂದು ರಜೆಗೆ ಸಾಕು. ಅಂಕ ತರುವ ವಿದ್ಯೆಯಲ್ಲ ನಿಜ. ಆದರೆ ಭೌತಶಾಸ್ತ್ರದ ಅಲೆಗಳ ಅಧ್ಯಾಯವನ್ನು ಹೀಗೆ ಕಿವಿಯಿಂದ ಕಲಿತ ಮಗು ಅದನ್ನು ಮರೆಯುವುದು ಕಷ್ಟ.

ಇಂಥ ಕಿವಿಯಿಂದ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಬೆಂಗಳೂರಿನಲ್ಲೇ ನಿದರ್ಶನವಿದೆ. ಕೊಳಲು ವಾದಕರೂ ಎಂಜಿನಿಯರೂ ಆದ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿದರು. ಇಂದು ಸಂಗೀತ ಪಾಠದ ಅದೆಷ್ಟೋ ಮನೆಗಳಲ್ಲಿ ಅಂಥ ಪೆಟ್ಟಿಗೆ ಶ್ರುತಿ ಹಿಡಿಯುತ್ತಿದೆ.

ಹೋಗಬಯಸುವವರಿಗೆ: ಅಹಮದಾಬಾದಿನ ಮುಖ್ಯ ರೈಲು ನಿಲ್ದಾಣ ನದಿಯ ಪೂರ್ವಕ್ಕೆ, ಕಾಲೂಪುರದಲ್ಲಿದೆ. ಪಾಲ್ಡಿ ನದಿಯಾಚೆಗೆ, ಆಟೋ ಸುಲಭವಾಗಿ ಸಿಗುತ್ತದೆ. ಎನ್.ಐ.ಡಿ. ಪಾಠ ನಡೆಯುವ ಸಂಸ್ಥೆಯಾದ್ದರಿಂದ ಮೊದಲೇ ಬರೆದು ಅನುಮತಿ ಪಡೆಯುವುದು ಲೇಸು. ಸಂಜೆ ಹತ್ತಿರದ ನದೀ ದಂಡೆಯ ಕಾಲುದಾರಿಯಲ್ಲಿ ಅಡ್ಡಾಡಿ, 2022ರಲ್ಲಿ ತೆರೆದ ಅಟಲ್ ಕಾಲುಸೇತುವೆಯ ಮೇಲೆ ನಿಂತರೆ ಎರಡೂ ದಂಡೆಯ ಊರು ಕಾಣುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಹವೆ ಹಿತ. ಹೊರಡುವ ಮುನ್ನ ಆ ಟೇಪುಗಳ ಒಂದೆರಡು ರಚನೆಗಳನ್ನು ಮಕ್ಕಳೊಡನೆ ಕೇಳಿ ಹೋದರೆ, ಪಾಲ್ಡಿಯಲ್ಲಿ ಏನನ್ನು ನೋಡಲು ಬಂದೆವೆಂದು ಅವರಿಗೆ ಬೇರೆ ಹೇಳಬೇಕಾಗುವುದಿಲ್ಲ.